ಸೋಮವಾರದ ನಕ್ಷತ್ರ

ಅಧ್ಯಕ್ಷಸ್ಥಾನದಲ್ಲಿ ಕುಳಿತು ಆಗಲೇ ಎರಡು ಸಲ ಕೈಗಡಿಯಾರ ನೋಡಿಕೊಂಡಿರುವ ಮಾನ್ಯ ಅಧ್ಯಕ್ಷರೇ, ಮಳೆಯಲ್ಲಿ ಅರ್ಧ ನೆನೆದು ಬಂದರೂ ನಗುಮುಖ ಬಿಡದ ಮುಖ್ಯ ಅತಿಥಿಗಳೇ, ಮೀನುಗಾರಿಕೆ ಇಲಾಖೆಯ ಅಧಿಕಾರಿಗಳಾಗಿಯೂ ನಮ್ಮ ವಿದ್ಯಾರ್ಥಿನಿ ರೂಪಾಲಿಯ ತಂದೆಯಾಗಿಯೂ ವೇದಿಕೆಯಲ್ಲಿರುವ ಸಾಹೇಬರೇ, ಬೇಸಿಗೆಯಿಡೀ ನಮ್ಮನ್ನು ತಿದ್ದಿದ ಮಾರ್ಗದರ್ಶಕ ಗುರುಪ್ರಸಾದ ಅವರೇ, ಶಿಕ್ಷಕ ಬಂಧುಗಳೇ, ಪಾಲಕರೇ, ಮಕ್ಕಳೇ, ಹಾಗೂ ಹೊರಗೆ ಮಳೆ ಜೋರಾದ ಕಾರಣ ಒಳಗೆ ಬಂದು ಕುಳಿತಿರುವ ಸಭಿಕರೇ,

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಇಪ್ಪತ್ತೆಂಟು ವರ್ಷ ವಿಜ್ಞಾನ ಕಲಿಸಿದವಳಿಗೆ ಹತ್ತು ನಿಮಿಷದಲ್ಲಿ ಹಾಜರಿ ಕರೆಯುವುದೂ ಮುಗಿಯುವುದಿಲ್ಲ. ಆದರೂ ಪ್ರಯತ್ನಿಸುತ್ತೇನೆ.

ನನ್ನ ಹಿಂದಿರುವ ಬ್ಯಾನರನ್ನು ತಾವೆಲ್ಲ ಓದಿದ್ದೀರಿ. ‘ಹೊಸ ನಕ್ಷತ್ರ ಕಂಡುಹಿಡಿದ ನಮ್ಮ ಹೆಮ್ಮೆಯ ಕುಮಾರಿ ಪ್ರೀತಿಗೆ ಸನ್ಮಾನ’ ಎಂದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಮಾರ್ಗದರ್ಶನ: ಶ್ರೀಮತಿ ದಮಯಂತಿ ನಾಯಕ’ ಎಂದಿದೆ. ಅದು ನಾನು. ವೇದಿಕೆಯ ಮೇಲೆ ಶಾಲು, ಫಲತಾಂಬೂಲ, ಒಂದು ಖಾಲಿ ಕುರ್ಚಿ ಇವೆ. ಸನ್ಮಾನಿತಳು ಎಲ್ಲಿ ಎಂದು ಅಧ್ಯಕ್ಷರು ನನ್ನನ್ನು ಆಗಲೇ ಕೇಳಿದರು. ಸನ್ಮಾನಿತಳು ಅಲ್ಲಿ, ಬಾಗಿಲ ಹತ್ತಿರ, ತನ್ನ ತಾಯಿ ಮಂಗಲಾ ಅವರ ಪಕ್ಕದಲ್ಲಿ ಕುಳಿತಿದ್ದಾಳೆ. ಯಾರೂ ತಿರುಗಿ ನೋಡಬೇಡಿ. ನೋಡಬೇಡಿ ಅಂದೆನಲ್ಲ! ಹುಡುಗಿ ಮೊದಲೇ ಎದ್ದು ಹೋಗುವ ತಯಾರಿಯಲ್ಲಿದ್ದಾಳೆ.

ಅವಳು ನನಗೊಂದು ಶರತ್ತು ಹಾಕಿದ್ದಾಳೆ. “ಟೀಚರ್, ಆ ನಕ್ಷತ್ರದ ವಿಷಯ ಖರೆ ಏನು ಅಂತ ನೀವು ಮೈಕಿನಲ್ಲಿ ಹೇಳಬೇಕು. ಎಂತಕೆ ಹಾಗಾಯ್ತು ಅಂತಲೂ ಹೇಳಬೇಕು. ಹೇಳಿದ ಮೇಲೆ ನಾ ಮೇಲೆ ಬತ್ತೆ. ಹೇಳದಿದ್ರೆ ಇಲ್ಲ” ಎಂದಿದ್ದಾಳೆ. ಹತ್ತನೆಯ ತರಗತಿಯ ಹುಡುಗಿ ಶಿಕ್ಷಕಿಗೆ ಶರತ್ತು ಹಾಕುವ ಕಾಲ ಬಂತೇ ಎಂದು ಹಿರಿಯರು ಕೇಳಬಹುದು. ಬಂದಿದೆ. ಈ ಕಾರ್ಯಕ್ರಮದ ಸ್ವರೂಪವೇ ಹಾಗಿತ್ತು.

ಆ ಸ್ವರೂಪವನ್ನು ಸ್ವಲ್ಪ ವಿವರಿಸುತ್ತೇನೆ. ಪ್ರೌಢಶಾಲೆಯ ವಿದ್ಯಾರ್ಥಿಗಳಿಗೂ ಶಿಕ್ಷಕರಿಗೂ ಒಟ್ಟಾಗಿ ನಡೆದ ಬೇಸಿಗೆಯ ಖಗೋಳ ಸಂಶೋಧನಾ ಕಾರ್ಯಕ್ರಮ ಇದು. ಒಟ್ಟಾಗಿ ಎಂದರೆ ಒಟ್ಟಾಗಿಯೇ. ಕಾರವಾರದಲ್ಲಿ ಮೊದಲ ವಾರದ ತರಬೇತಿಯಲ್ಲಿ ನಾವು ಮಕ್ಕಳ ಜೊತೆ ಅದೇ ಬೆಂಚಿನಲ್ಲಿ ಕುಳಿತೆವು. ಅದೇ ಮನೆಗೆಲಸ, ಅದೇ ಪರೀಕ್ಷೆ, ಅದೇ ತಣ್ಣಗಾದ ಉಪ್ಪಿಟ್ಟು. ಒಂದು ತಂಡಕ್ಕೆ ಒಬ್ಬ ವಿದ್ಯಾರ್ಥಿ, ಒಬ್ಬ ಶಿಕ್ಷಕ. ನನ್ನ ಪಾಲಿಗೆ ಪ್ರೀತಿ ಬಂದಳು. ಮೊದಲ ಪರೀಕ್ಷೆಯಲ್ಲಿ ಅವಳಿಗೆ ನನಗಿಂತ ಹೆಚ್ಚು ಅಂಕ ಬಂತು. ಪ್ರಶ್ನೆಪತ್ರಿಕೆ ಸರಿಯಿರಲಿಲ್ಲ ಎಂದು ಮನೆಯಲ್ಲಿ ಹೇಳಿದೆ. ಎಲ್ಲ ವಿದ್ಯಾರ್ಥಿಗಳೂ ಹೇಳುವುದು ಅದನ್ನೇ ತಾನೆ?

ನಂತರ ಎಲ್ಲರೂ ತಮ್ಮ ತಮ್ಮ ಊರಿಗೆ ಹೋಗಿ ಆಕಾಶ ನೋಡಬೇಕಿತ್ತು. ನಮ್ಮ ತಂಡದ ಜಾಗ ಹಟ್ಟಿಕೇರಿ ಕಡೆಯ ನಮ್ಮ ಶಾಲೆಯ ಟೆರೇಸು. ಕೆಲಸ ಸರಳ. ಸಂಜೆ ಕತ್ತಲಾಗುತ್ತಲೇ ಪಶ್ಚಿಮದಲ್ಲಿ ಮಿಥುನ ರಾಶಿ ಕಾಣುತ್ತದೆ. ಅದರಲ್ಲಿ ಕೆಳಗಿರುವ ಒಂದು ನಕ್ಷತ್ರವನ್ನು ಮೇಲಿರುವ ಇನ್ನೊಂದರ ಜೊತೆ ಹೋಲಿಸಿ, ಇವತ್ತು ಎಷ್ಟು ಹೊಳಪು ಎಂದು ಅಂದಾಜು ಮಾಡುವುದು. ಕೆಲವು ನಕ್ಷತ್ರಗಳ ಹೊಳಪು ಕ್ರಮವಾಗಿ ಹೆಚ್ಚು ಕಡಿಮೆಯಾಗುತ್ತದೆ. ಅಂಥವನ್ನು ಗುರುತಿಸಲು ಮಕ್ಕಳಿಗೆ ಅಭ್ಯಾಸವಾಗಲಿ ಎಂಬುದು ಉದ್ದೇಶ. ನಿಯಮ ಒಂದೇ: ಇಬ್ಬರೂ ಬೇರೆ ಬೇರೆ ನೋಡಬೇಕು, ಒಬ್ಬರದ್ದು ಒಬ್ಬರು ಕೇಳಬಾರದು, ಕೊನೆಗೆ ಹೇಳಿಕೊಳ್ಳಬೇಕು.

ನಮ್ಮ ನಕ್ಷತ್ರದ ಹೊಳಪು ಬದಲಾಗುತ್ತದೆ ಎಂದು ಯಾವ ಪಟ್ಟಿಯಲ್ಲಿಯೂ ಇರಲಿಲ್ಲ. ನಮಗೆ ಅದನ್ನು ಕೊಟ್ಟದ್ದು ಅದು ಬದಲಾಗುವುದಿಲ್ಲ ಎಂಬ ಕಾರಣಕ್ಕೇ, ಕೈ ಪಳಗಲಿ ಎಂದು. ಆದರೆ ಅದು ಬದಲಾಯಿತು, ಸಭಿಕರೇ! ಆರು ದಿನ ಮಂಕಾಗಿರುವುದು, ಏಳನೆಯ ದಿನ ಸ್ವಚ್ಛವಾಗಿ ಬೆಳಗುವುದು. ಮತ್ತೆ ಆರು ದಿನ ಮಂಕು, ಏಳನೆಯ ದಿನ ಬೆಳಕು. ಮೊದಲು ಗಮನಿಸಿದ್ದು ಪ್ರೀತಿ. “ಟೀಚರ್, ಇದು ಸೋಮವಾರದ ನಕ್ಷತ್ರ” ಎಂದು ನಕ್ಕಳು. ನಾನು ನಗಲಿಲ್ಲ. ಏಳು ದಿನಕ್ಕೊಮ್ಮೆ ಹೊಳಪು ಬದಲಿಸುವ ನಕ್ಷತ್ರಗಳು ಇವೆ ಎಂದು ಓದಿದ್ದೆ.

ಇಲ್ಲಿ ಒಂದು ಮಾತು, ವಿಷಯಕ್ಕೆ ನೇರ ಸಂಬಂಧವಿಲ್ಲದ್ದು. ನಾನು ಹುಟ್ಟಿದ್ದು ಅರ್ಗಾದಲ್ಲಿ. ನೌಕಾನೆಲೆ ಬರುವ ಮೊದಲಿನ ಅರ್ಗಾದಲ್ಲಿ. ಬಿ.ಎಸ್ಸಿ. ಮುಗಿಸಿದ ವರ್ಷ ನನಗೆ ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ.ಗೆ ಸೀಟು ಸಿಕ್ಕಿತ್ತು. ಅದೇ ವರ್ಷ ನೌಕಾನೆಲೆಗೆ ಜಾಗ ಕೊಟ್ಟು ನಾವು ಮನೆ ಬಿಟ್ಟೆವು. ಹೊಸ ಜಾಗದಲ್ಲಿ ಗೋಡೆ ಎದ್ದಿತ್ತು, ಮೇಲೆ ಹೆಂಚಿನ ಮಾಡು ಆಗಿರಲಿಲ್ಲ. “ಒಂದು ವರ್ಷ ತಡಿ ಮಗಾ, ಮಾಡು ಹೊದಿಸುವಾ, ಆಮೇಲೆ ಹೋಗು” ಅಂದರು ಅಪ್ಪ. ತಡೆದೆ. ಮಾಡು ಆಯಿತು, ಮದುವೆಯಾಯಿತು, ಬಿ.ಎಡ್. ಆಯಿತು, ನೌಕರಿಯಾಯಿತು. ಯಾರದ್ದೂ ತಪ್ಪಿಲ್ಲ. ಇದನ್ನು ಯಾಕೆ ಹೇಳಿದೆನೋ ಗೊತ್ತಿಲ್ಲ. ಹಾಂ, ಬೆಳಕಿನ ವಿಷಯಕ್ಕೆ ಹೇಳಿದೆ.

ನಮ್ಮ ಟೆರೇಸಿನಿಂದ ಸಮುದ್ರ ಕಾಣುವುದಿಲ್ಲ. ನಡುವೆ ಗುಡ್ಡ ಇದೆ. ಗುಡ್ಡದ ಮೇಲೆ ಆಕಾಶ ಕೆಳಗಡೆ ಸ್ವಲ್ಪ ಬೆಳ್ಳಗೆ ಕಾಣುತ್ತದೆ. ಎಲ್ಲಿಂದ ಬರುವ ಬೆಳಕು ಎಂದು ನಮ್ಮಲ್ಲಿ ಯಾರನ್ನೇ ಕೇಳಿ, “ಅರ್ಗಾದ್ದು, ನೇವಿಯದ್ದು” ಎನ್ನುತ್ತಾರೆ. ನಾನೂ ಪ್ರತಿದಿನ ಹಾಗೆಯೇ ದಾಖಲಿಸಿದೆ. ‘ಪಶ್ಚಿಮದಲ್ಲಿ ಅರ್ಗಾದ ಬೆಳಕು, ದಿನವೂ ಒಂದೇ.’ ಮೊದಲ ದಿನವೇ ನನ್ನ ಯಜಮಾನರು ರಾಮನಾಥ, ಅದೇ ನೌಕಾನೆಲೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, “ಅರ್ಗಾ ಆ ದಿಕ್ಕಿಗೆ ಇಲ್ಲ ಮಾರಾಯ್ತಿ, ಅದು ಇನ್ನೂ ಬಲಕ್ಕೆ” ಎಂದಿದ್ದರು. ನಮ್ಮ ಮನೆಯಲ್ಲಿ ಅವರ ಮಾತನ್ನು ಯಾರು ಕೇಳುತ್ತಾರೆ? ನನ್ನ ಮನೆ ಎಲ್ಲಿತ್ತು ಎಂದು ನನಗೇ ಗೊತ್ತಿಲ್ಲವೇ ಎಂದು ಸಿಟ್ಟು ಮಾಡಿದೆ. ಆ ಕಡೆಯ ಯಾವ ಬೆಳಕು ಕಂಡರೂ ಅರ್ಗಾದ್ದು ಎನ್ನುವುದು ನನಗೆ ಅಷ್ಟು ವರ್ಷಗಳ ಅಭ್ಯಾಸ.

ಸರಿ. ಗುರುಪ್ರಸಾದರಿಗೆ ಫೋನಿನಲ್ಲಿ ವರದಿ ಒಪ್ಪಿಸಿದೆ. ನನ್ನ ಮಗನ ವಯಸ್ಸಿನವರು. ಪೂರ್ತಿ ಕೇಳಿಸಿಕೊಂಡು, “ಮೇಡಂ, ಏಳು ದಿನ ಅಂದರೆ ನನಗೆ ಸ್ವಲ್ಪ ಅನುಮಾನ. ವಾರ ಅನ್ನೋದು ನಾವು ಮಾಡಿಕೊಂಡದ್ದು. ಆಕಾಶಕ್ಕೆ ಸೋಮವಾರ ಗೊತ್ತಿಲ್ಲ. ಇನ್ನೊಮ್ಮೆ ನೋಡಿ” ಎಂದರು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಈಗ ಎದುರಿಗೇ ಕುಳಿತಿದ್ದಾರೆ, ಹೇಳಿಬಿಡುತ್ತೇನೆ, ಎರಡು ದಿನ ಅವರ ಫೋನ್ ಎತ್ತಲಿಲ್ಲ. ಹಟ್ಟಿಕೇರಿಯಲ್ಲಿ ಕಂಡರೆ ಅನುಮಾನ, ಬೆಂಗಳೂರಿನಲ್ಲಿ ಕಂಡರೆ ಸಂಶೋಧನೆ ಎಂದು ರಾಮನಾಥರ ಎದುರು ಕೂಗಾಡಿದೆ. ಅವರು ಅದನ್ನೇ ಪೇಟೆಯ ಚಾದ ಅಂಗಡಿಯಲ್ಲಿ ಹೇಳಿದರು. ಚಾದ ಅಂಗಡಿಯಿಂದ ಪತ್ರಿಕೆಗೆ ಎಷ್ಟು ದೂರ? ಮೂರನೆಯ ದಿನ ಸುದ್ದಿ ಬಂತು. ‘ಅಂಕೋಲೆಯ ಬಾಲೆಗೆ ಒಲಿದ ಹೊಸ ನಕ್ಷತ್ರ.’ ನಕ್ಷತ್ರ ಹೊಸದಲ್ಲ, ಅದು ನಮ್ಮ ಮುತ್ತಜ್ಜಂದಿರಿಗಿಂತ ಮೊದಲಿನದು ಎಂದು ಯಾರಿಗೆ ತಿಳಿಸುವುದು? ನಾನೂ ತಿಳಿಸಲು ಹೋಗಲಿಲ್ಲ. ಪತ್ರಿಕೆಯ ಎರಡು ಪ್ರತಿ ತರಿಸಿಕೊಂಡೆ.

ಆ ಸುದ್ದಿಯಿಂದ ಪ್ರೀತಿಗೆ ಏನೇನು ಬಂತು ಎಂದು ತಾವು ತಿಳಿಯಬೇಕು. ಊರಿನ ಸಂಘದವರು ಈ ಸನ್ಮಾನ ನಿಶ್ಚಯಿಸಿದರು. ರಾಜ್ಯಮಟ್ಟದ ಸಮಾವೇಶದಲ್ಲಿ ಹೊಸದನ್ನು ಕಂಡ ತಂಡಗಳಷ್ಟೇ ಪ್ರಬಂಧ ಓದುವ ನಿಯಮವಿತ್ತು. ನಮ್ಮ ಜಿಲ್ಲೆಯಿಂದ ಅವಳ ಹೆಸರು ಹೋಗುವುದು ಬಹುತೇಕ ಖಚಿತವಾಯಿತು. ಅಂಕೋಲೆ ತಾಲೂಕು ದಾಟಿ ಹೋದದ್ದು ಕಾರವಾರಕ್ಕೆ ಮಾತ್ರ ಎನ್ನುವ ಹುಡುಗಿ ಬೆಂಗಳೂರಿನಲ್ಲಿ ವಿಜ್ಞಾನಿಗಳ ಎದುರು ನಿಲ್ಲುವವಳಿದ್ದಳು. ಮಂಗಲಾ ಅವರು ನಮ್ಮ ಕೇರಿಗೆ ಮೀನು ಮಾರಲು ಬಂದಾಗ ಬುಟ್ಟಿ ಇಳಿಸುವ ಮೊದಲೇ ನಕ್ಷತ್ರದ ಸುದ್ದಿ ತೆಗೆಯುತ್ತಿದ್ದರು. ಒಂದು ದಿನ ನನಗೆ ಎರಡು ಬಂಗಡೆ ಹೆಚ್ಚೇ ಹಾಕಿದರು. ಬೇಡ ಎಂದೆ. “ಇರ್ಲಿ ಅಕ್ಕೋರೆ, ನಮ್ಮ ಹುಡುಗಿ ನಕ್ಷತ್ರದ್ದು” ಎಂದರು.

ಅದೇ ವಾರ ಪ್ರೀತಿ ಟೆರೇಸಿನ ಮೆಟ್ಟಿಲಲ್ಲಿ ಕುಳಿತು ಹೇಳಿದಳು. “ಟೀಚರ್, ಸೋಮವಾರ ಅಪ್ಪ ಮನೇಲೇ ಇರ್ತಾರೆ.”

“ಇರಲಿ. ಅದಕ್ಕೂ ನಕ್ಷತ್ರಕ್ಕೂ ಎಂತ ಸಂಬಂಧ?” ಎಂದೆ.

“ಸೋಮವಾರ ನಮ್ಮಲ್ಲಿ ದೇವರ ವಾರ. ಬಲೆ ಮುಟ್ಟೂಕಿಲ್ಲ. ಯಾವ ಬೋಟೂ ಹೋಗೂದಿಲ್ಲ. ಬೋಟು ಹೋಗದಿದ್ರೆ ದೀಪ ಇರೂದಿಲ್ಲ, ಟೀಚರ್.”

ಸಭಿಕರೇ, ನಾವು ಕರಾವಳಿಯವರು. ಸೋಮವಾರ ನಮ್ಮ ಮನೆಯಲ್ಲಿ ಮೀನಿಲ್ಲ, ನಿಮ್ಮಲ್ಲಿ ಬಹಳ ಜನರ ಮನೆಯಲ್ಲೂ ಇಲ್ಲ. ನನಗೆ ಹಲ್ಲು ಬಂದಾಗಿನಿಂದ ಸೋಮವಾರ ಎಂದರೆ ಬೇಳೆಸಾರು. ನಾವು ತಿನ್ನದ ದಿನ ಅವರು ಹಿಡಿಯುವುದಿಲ್ಲ, ಅವರು ಹಿಡಿಯದ ದಿನ ಗುಡ್ಡದಾಚೆಯ ಸಮುದ್ರದಲ್ಲಿ ಮೀನು ಸೆಳೆಯಲು ಹಚ್ಚುವ ಆ ದೊಡ್ಡ ದೀಪವಿಲ್ಲ, ದೀಪವಿಲ್ಲದ ದಿನ ಆಕಾಶದ ಕೆಳಗಡೆ ಕಪ್ಪಗಿರುತ್ತದೆ, ಕಪ್ಪಗಿದ್ದರೆ ಕೆಳಗಿನ ನಕ್ಷತ್ರ ಚೆನ್ನಾಗಿ ಕಾಣುತ್ತದೆ. ಇಷ್ಟೇ. ಎಂಟನೆಯ ತರಗತಿಯ ಪಾಠ. ಬೇರೆ ಊರಿನ ಶಿಕ್ಷಕಿಯಾಗಿದ್ದರೆ ಬಹುಶಃ ಕೇಳುತ್ತಿದ್ದಳು, ಸೋಮವಾರ ನಿಮ್ಮೂರಲ್ಲಿ ಏನು ವಿಶೇಷ ಎಂದು. ನಾನು ಕೇಳಲಿಲ್ಲ. ನನ್ನ ಪಾಲಿಗೆ ಸೋಮವಾರದಲ್ಲಿ ವಿಶೇಷ ಏನೂ ಇರಲಿಲ್ಲ.

ಆದರೂ ಒಪ್ಪಲಿಲ್ಲ. “ಇದು ನಿನ್ನ ಊಹೆ. ಊಹೆಗೆ ಪರೀಕ್ಷೆ ಬೇಕು” ಎಂದೆ. ಇವಳೇನು ಪರೀಕ್ಷೆ ಮಾಡುತ್ತಾಳೆ ಎಂಬ ಧೈರ್ಯ ನನಗೆ.

ಅವಳು ಮನೆಗೆ ಹೋಗಿ ತಂದೆ ಮಾಬ್ಲೇಶ್ವರ ಅವರ ಹತ್ತಿರ ಹೇಳಿದ್ದನ್ನು ಮಂಗಲಾ ಅವರು ಆಮೇಲೆ ನನಗೆ ತಿಳಿಸಿದರು. “ಅಪ್ಪಾ, ಗುರುವಾರ ಒಂದಿನ ದೀಪ ಹಚ್ಚಬೇಡ” ಎಂದಳಂತೆ. “ಎಂತಕೆ?” “ಶಾಲೆ ಕೆಲಸ.” “ಶಾಲೆ ಕೆಲಸಕ್ಕೂ ನನ್ನ ಬೋಟಿನ ದೀಪಕ್ಕೂ ಎಂತದು ಮಾರಾಯ್ತಿ?” ಅವಳು ವಿವರಿಸಿದಳಂತೆ. ಅವರಿಗೆ ಅರ್ಥವಾಗಲಿಲ್ಲವಂತೆ. ಮಳೆಗಾಲದ ಮೀನುಗಾರಿಕೆ ನಿಷೇಧದ ಕಾಲ ಶುರುವಾಗುವುದರಲ್ಲಿತ್ತು. ಜೂನ್ ಬಂದರೆ ಎರಡು ತಿಂಗಳು ಬೋಟು ದಡದಲ್ಲಿ. ಕೊನೆಯ ವಾರದ ಒಂದೊಂದು ಸಂಜೆಯೂ ಅವರಿಗೆ ಬೇಕು. ಆದರೂ ದಡಕ್ಕೆ ಹೋಗಿ ಉಳಿದವರಿಗೆ ಹೇಳಿದರಂತೆ: “ಗುರುವಾರ ಯಾರೂ ದೀಪ ಹಚ್ಚೂದು ಬ್ಯಾಡ್ರೋ. ನಮ್ಮ ಹುಡುಗಿದು ಪರೀಕ್ಷೆ ಅದೆ.” ಪರೀಕ್ಷೆಗೂ ದೀಪ ಆರಿಸುವುದಕ್ಕೂ ಏನು ಸಂಬಂಧ ಎಂದು ಅಲ್ಲಿ ಯಾರಾದರೂ ಕೇಳಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಉಳಿದ ಬೋಟುಗಳಲ್ಲಿ ದೀಪ ಇತ್ತೇ ಎಂದು ಸಾಹೇಬರು ನನ್ನನ್ನು ಕೇಳಿದರೆ ಅದೂ ನನಗೆ ಗೊತ್ತಿಲ್ಲ.

ಗುರುವಾರ ಸಂಜೆ ಟೆರೇಸಿಗೆ ಹತ್ತಿದೆವು. ಸತ್ಯ ಹೇಳುತ್ತೇನೆ, ಆ ನಕ್ಷತ್ರ ಮಂಕಾಗಿರಲಿ ಎಂದು ನಾನು ಬಯಸಿದೆ. ದೇವರಿಗೆ ಹರಕೆ ಹೊರುವಷ್ಟು ಬಯಸಿದೆ. ಮಂಕಾಗಿದ್ದರೆ ದೀಪದ ಮಾತು ಸುಳ್ಳು, ನಕ್ಷತ್ರ ನಮ್ಮದು. ಎಲ್ಲೋ ಒಂದು ಪುಸ್ತಕದಲ್ಲಿ ಇಬ್ಬರ ಹೆಸರು, ಎರಡನೆಯದು ನನ್ನದು. ಧಾರವಾಡಕ್ಕೆ ಹೋಗದೆಯೂ ಅಷ್ಟು ದೂರ ಬಂದೆನಲ್ಲ ಎಂದು ಅಪ್ಪನ ಫೋಟೋದ ಎದುರು ಮನಸ್ಸಿನಲ್ಲೇ ನೂರು ಸಲ ಹೇಳಿಕೊಂಡಾಗಿತ್ತು. ಈ ವಿಷಯ ಹೇಳುವ ಯೋಚನೆ ಇರಲಿಲ್ಲ. ಬಾಯಿಗೆ ಬಂತು, ಹೇಳಿದೆ.

ಕತ್ತಲಾಯಿತು. ಗುಡ್ಡದ ಮೇಲಿನ ಬಿಳುಪು ಆ ದಿನ ಇರಲಿಲ್ಲ. ನಕ್ಷತ್ರ ಬೆಳಗಿತು. ಸೋಮವಾರ ಬೆಳಗುವಂತೆಯೇ ಬೆಳಗಿತು. ಅಷ್ಟು ಚಂದದ ನಕ್ಷತ್ರವನ್ನು ನಾನು ನೋಡಿರಲಿಲ್ಲ, ಯಾವ ನಕ್ಷತ್ರದ ಮೇಲೂ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ.

“ಟೀಚರ್, ನೀವು ಮೊದಲು ಹೇಳಿ” ಎಂದಳು ಪ್ರೀತಿ. ನಾನು ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದೆ. ನಿಯಮ ಮುರಿದು ಅವಳೇ ಹೇಳಿದಳು. “ಸೋಮವಾರದಷ್ಟೇ ಅದೆ. ಅಲ್ಲಾ ಟೀಚರ್?”

“ಹೌದು” ಎಂದೆ.

ಅವಳು ಅಳಲಿಲ್ಲ. ಬ್ಯಾಟರಿ ಎಲ್ಲಿಟ್ಟೆ ಎಂದು ಹುಡುಕುವ ನೆವದಲ್ಲಿ ನಾನೇ ಆಚೆ ತಿರುಗಿದೆ. ಬ್ಯಾಟರಿ ನನ್ನ ಕೈಯಲ್ಲೇ ಇತ್ತು.

ಅಧ್ಯಕ್ಷರೇ, ಇನ್ನು ಎರಡೇ ನಿಮಿಷ.

ಮರುದಿನವೇ ಗುರುಪ್ರಸಾದರಿಗೆ ಫೋನು ಮಾಡಿ ಬ್ಯಾನರು, ಸನ್ಮಾನ ಎಲ್ಲ ನಿಲ್ಲಿಸಬಹುದಿತ್ತಲ್ಲ ಎಂದು ತಾವು ಕೇಳಬಹುದು. ನಿಲ್ಲಿಸಬೇಕಾದರೆ ನಕ್ಷತ್ರ ಯಾಕೆ ಹಾಗೆ ಕಂಡಿತು ಎಂದು ವರದಿಯಲ್ಲಿ ವಿವರಿಸಬೇಕು. ವಿವರಿಸಿದರೆ ದೀಪ ಬರುತ್ತದೆ. ದೀಪ ಬಂದರೆ ಬೋಟು ಬರುತ್ತದೆ. ಬೋಟು ಬಂದರೆ ಅವಳ ಅಪ್ಪ ಬರುತ್ತಾರೆ. ದೀಪ ಹಾಕಿ ಮೀನು ಹಿಡಿಯುವುದಕ್ಕೆ ನಿಷೇಧವಿದೆ ಎಂದು ಈ ಸಭೆಯಲ್ಲಿ ಎಲ್ಲರಿಗೂ ಗೊತ್ತು. ಪ್ರೀತಿಗೂ ಗೊತ್ತಿತ್ತು. “ಟೀಚರ್, ಖರೆ ಹೇಳಿದ್ರೆ ಅಪ್ಪಂಗೆ ತೊಂದ್ರೆ. ಹೇಳದಿದ್ರೆ ನಂಗೆ ಸುಳ್ಳು ಶಾಲು” ಎಂದಳು. ಜೂನ್ ತಿಂಗಳಿಡೀ ಮಳೆ ಸುರಿಯಿತು, ನಾವಿಬ್ಬರೂ ಒಬ್ಬರ ಮುಖ ಒಬ್ಬರು ತಪ್ಪಿಸಿಕೊಂಡು ಓಡಾಡಿದೆವು. ತರಗತಿಯಲ್ಲಿ ಅವಳು ಕೈ ಎತ್ತುವುದನ್ನು ಬಿಟ್ಟಳು.

ಒಂದು ಮಧ್ಯಾಹ್ನ ಮಾಬ್ಲೇಶ್ವರ ಅವರೇ ಕೊಡೆ ಹಿಡಿದು ನಮ್ಮ ಮನೆಗೆ ಬಂದರು. ಜಗಲಿಯಲ್ಲಿ ಕುಳಿತುಕೊಳ್ಳಿ ಎಂದರೆ ಕುಳಿತುಕೊಳ್ಳಲಿಲ್ಲ. “ಅಕ್ಕೋರೆ, ಮೈಕಿನಲ್ಲಿ ಹೇಳೂದಾದ್ರೆ ನನ್ನ ಬೋಟಿನ ದೀಪ ಅಂತ ಹೇಳಿ. ಉಳಿದವರ ಸುದ್ದಿ ಬ್ಯಾಡ. ದೀಪ, ಜನರೇಟರ್ ಎಲ್ಲಾ ಇಳ್ಸಿದೆ. ಫಿಶರೀಸ್ ಆಫೀಸಿಗೂ ಹೋಗಿ ಹೇಳಿ ಬಂದೆ. ಅವ್ರು ಎಂತ ಮಾಡ್ತಾರೋ ಮಾಡ್ಲಿ. ಹುಡುಗಿ ಕಂಡದ್ದು ಹೇಳೂಕೆ ಹೆದರ್ಕಂಡು ಕೂತಿದ್ದು ನೋಡಿದ್ರೆ ನಂಗೆ ಊಟ ಸೇರೂದಿಲ್ಲ” ಎಂದರು. ಚಾ ಕುಡಿದು ಹೋಗಿ ಎಂದೆ. ಮಳೆ ಬಿಡುವಷ್ಟರಲ್ಲಿ ಹೋಗಬೇಕು ಎಂದರು. ಮಳೆ ಬಿಡುವಷ್ಟರಲ್ಲಿ ಯಾರಾದರೂ ಹೋಗುತ್ತಾರೆಯೇ? ಸುರಿಯುವ ಮಳೆಯಲ್ಲೇ ಕೊಡೆ ಬಿಚ್ಚಿ ಹೊರಟುಬಿಟ್ಟರು.

ಸಾಹೇಬರೇ, ತಮಗೆ ಗೊತ್ತಿದ್ದ ವಿಷಯವನ್ನೇ ನಾನಿಲ್ಲಿ ಹೇಳಿದ್ದು. ಕ್ರಮ ಏನು ಎಂಬುದು ಇಲಾಖೆಗೆ ಬಿಟ್ಟದ್ದು. ಶಿಫಾರಸು ಮಾಡುವ ಅಧಿಕಾರ ನನಗಿಲ್ಲ, ಮಾಡುತ್ತಲೂ ಇಲ್ಲ. ಮಾಬ್ಲೇಶ್ವರ ಅವರು ಆ ಕಂಬದ ಪಕ್ಕದಲ್ಲಿ ನಿಂತಿದ್ದಾರೆ ಎಂದಷ್ಟೇ ತಿಳಿಸುತ್ತೇನೆ.

ಮಾಬ್ಲೇಶ್ವರ ಅವರು ಬಂದುಹೋದ ಸಂಜೆಯೇ ಗುರುಪ್ರಸಾದರಿಗೆ ಎಲ್ಲ ತಿಳಿಸಿದೆ, ಅಷ್ಟರಲ್ಲಿ ಬ್ಯಾನರು ಅಚ್ಚಾಗಿತ್ತು. ರಾಜ್ಯಮಟ್ಟದ ಸಮಾವೇಶಕ್ಕೆ ಬೇರೆ ತಂಡ ಹೋಗುತ್ತದೆ. ನಮ್ಮದು ಹೊಸ ಶೋಧವಲ್ಲವಲ್ಲ. ನಿಯಮ ನಿಯಮವೇ. ನನಗೆ ಅದರ ಬಗ್ಗೆ ತಕರಾರಿಲ್ಲ. ಸ್ವಲ್ಪ ಇದೆ, ಗುರುಪ್ರಸಾದರ ಹತ್ತಿರ ಆಮೇಲೆ ಮಾತಾಡುತ್ತೇನೆ. ಬೇಜಾರಾಯಿತೇ ಎಂದು ಪ್ರೀತಿಯನ್ನು ಕೇಳಿದೆ. “ಆಯ್ತು” ಎಂದಳು. “ಬರೂ ವರ್ಷ ಪಶ್ಚಿಮ ಬ್ಯಾಡ ಟೀಚರ್, ಪೂರ್ವ ನೋಡುವಾ” ಎಂದಳು. ಮುಂದಿನ ವರ್ಷ ಅವಳು ನಮ್ಮ ಶಾಲೆಯಲ್ಲಿ ಇರುವುದಿಲ್ಲ, ಪಿಯುಸಿಗೆ ಹೋಗಿರುತ್ತಾಳೆ. ಆದರೂ ‘ನೋಡುವಾ’ ಎಂದಳು. ಟೆರೇಸಿನ ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ ಎಂದೆ.

ಈಗ ಶರತ್ತಿನ ಮಾತು. ಇಷ್ಟು ಹೊತ್ತು ಅರ್ಗಾ, ಧಾರವಾಡ, ಬಂಗಡೆ ಎಂದು ಊರೆಲ್ಲ ಸುತ್ತಿದೆ. ಯಾಕೆ ಸುತ್ತಿದೆ ಎಂದು ಪ್ರೀತಿಗೆ ಗೊತ್ತು, ತಮಗೂ ಈ ಹೊತ್ತಿಗೆ ಗೊತ್ತಾಗಿರಬಹುದು. ಆ ಒಂದು ವಾಕ್ಯ ಹೇಳಲು ನನಗೆ ಕಷ್ಟವಾಗುತ್ತಿದೆ. ಅವಳು ಮೇ ತಿಂಗಳಲ್ಲೇ ಹೇಳಿ ಮುಗಿಸಿದ್ದಾಳೆ.

ಕೊನೆಯ ಸಾಲಿನವರಿಗೂ ಕೇಳಿಸಲಿ. ಬ್ಯಾನರಿನಲ್ಲಿ ಇರುವುದು ತಪ್ಪು. ಆ ನಕ್ಷತ್ರದ ಹೊಳಪು ಬದಲಾಗುವುದಿಲ್ಲ. ಸೋಮವಾರವೂ ಅಷ್ಟೇ, ಗುರುವಾರವೂ ಅಷ್ಟೇ. ಅದನ್ನು ಪರೀಕ್ಷೆ ಮಾಡಿ ತೋರಿಸಿದವಳು ಪ್ರೀತಿ. ತೋರಿಸಲು ಒಂದು ಸಂಜೆಯ ದುಡಿಮೆ ಬಿಟ್ಟವರು ಅವಳ ತಂದೆ.

ಹೇಳಿದೆ, ಪ್ರೀತಿ. ಇನ್ನು ಬಾ. ಮೆಟ್ಟಿಲು ಒದ್ದೆಯಿದೆ, ನಿಧಾನ ಹತ್ತು. ಮಾಬ್ಲೇಶ್ವರ ಅವರೇ, ಕಂಬ ಬಿಟ್ಟು ನೀವೂ ಬನ್ನಿ. ಕುರ್ಚಿ ಒಂದೇ ಇದೆ ಎಂದು ಯೋಚಿಸಬೇಡಿ, ನನ್ನದು ಖಾಲಿಯಾಯಿತು.

ಹತ್ತು ನಿಮಿಷ ಎಂದು ಕರೆದು ಇಷ್ಟು ಹೊತ್ತು ಸಹಿಸಿಕೊಂಡ ಅಧ್ಯಕ್ಷರಿಗೂ, ಆ ಗುರುವಾರ ಸಮುದ್ರದಲ್ಲಿ ಯಾವ್ಯಾವ ದೀಪ ಆರಿಸಿದಿರೋ ನನಗೆ ಗೊತ್ತಿಲ್ಲದ ನಿಮ್ಮೆಲ್ಲರಿಗೂ, ಕೈಮುಗಿದು ಧನ್ಯವಾದ ಹೇಳುತ್ತೇನೆ. ನಮಸ್ಕಾರ.